ಸರಾಸರಿ 504 ಗ್ರಾಂ, ಆದರೆ 504ರ ಆಸುಪಾಸಿನಲ್ಲೇ ಪ್ಯಾಕೆಟ್ ಕಡಿಮೆ: ನಾರ್ಮಲ್ ಟೇಬಲ್ ಎಲ್ಲಿ ಎಡವಿತು?

ತಕ್ಕಡಿ_ಲೆಕ್ಕ:
ಕಾಫಿ ಪುಡಿಯ 500 ಗ್ರಾಂ ಪ್ಯಾಕೆಟ್, ತುಂಬುವುದು ಆಗರ್ ಫಿಲ್ಲರ್ (ತಿರುಗುವ ತಿರುಪಿನಿಂದ ಪುಡಿ ತಳ್ಳುವ ಮಷೀನು). ಸಾಲಾಗಿ ಬಂದ 120 ಪ್ಯಾಕೆಟ್ ತೂಗಿ, ಖಾಲಿ ಕವರಿನ ತೂಕ ಕಳೆದಾಗ ಸರಾಸರಿ 504.0 ಗ್ರಾಂ, ಮಾನಕ ವಿಚಲನೆ (ತೂಕಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಎಂಬ ಅಳತೆ) 4.0 ಗ್ರಾಂ. ನಾರ್ಮಲ್ ಡಿಸ್ಟ್ರಿಬ್ಯೂಶನ್ (ಸರಾಸರಿಯ ಬಳಿ ಹೆಚ್ಚು, ದೂರ ಹೋದಂತೆ ಕಡಿಮೆಯಾಗುವ ಗಂಟೆಯಾಕಾರದ ಹಂಚಿಕೆ) ಅಂದುಕೊಂಡು ಲೆಕ್ಕ ಹಾಕಲು ಹೊರಟರೆ ನಾಲ್ಕು ಕಡೆ ಸಿಕ್ಕಿಕೊಳ್ಳುತ್ತಿದೆ.

1. ಎಕ್ಸೆಲ್‌ನಲ್ಲಿ ನಾರ್ಮ್.ಡಿಸ್ಟ್(504, 504, 4, ಫಾಲ್ಸ್) ಕೊಟ್ಟರೆ 0.0997. ಅಂದರೆ ನೂರಕ್ಕೆ ಹತ್ತು ಪ್ಯಾಕೆಟ್ ಕರಾರುವಾಕ್ಕಾಗಿ 504 ಗ್ರಾಂ ಇರುತ್ತವೆಯೇ?
2. ಝಡ್ (ಸರಾಸರಿಯಿಂದ ಎಷ್ಟು ಮಾನಕ ವಿಚಲನೆ ದೂರ ಎಂಬ ಸಂಖ್ಯೆ) = 1ಕ್ಕೆ ಒಂದು ಪುಸ್ತಕದ ಟೇಬಲ್‌ನಲ್ಲಿ 0.8413, ಇನ್ನೊಂದರಲ್ಲಿ 0.3413. ಯಾವುದು ಸರಿ?
3. 500ಕ್ಕಿಂತ ಕಡಿಮೆ ತೂಗುವವು 2% ದಾಟಬಾರದು. ಗುರಿ ತೂಕ ಎಷ್ಟಿಡಬೇಕು?
4. ಟೇಬಲ್ ಪ್ರಕಾರ 503ರಿಂದ 505ರೊಳಗೆ ಸುಮಾರು 24 ಪ್ಯಾಕೆಟ್ ಇರಬೇಕು. ಎಣಿಸಿದರೆ 11. 500ರ ಕೆಳಗೆ 19 ಇರಬೇಕಿತ್ತು, 24 ಇವೆ.

ಅಂಕಿಮನೆ:
ಮೊದಲೆರಡು ಸುಲಭ.

ಫಾಲ್ಸ್ ಕೊಟ್ಟಾಗ ಸಿಗುವುದು ಗಂಟೆಯಾಕಾರದ ರೇಖೆಯ *ಎತ್ತರ*, ಸಂಭವನೀಯತೆಯಲ್ಲ. ನೆತ್ತಿಯ ಎತ್ತರ ಯಾವಾಗಲೂ 0.3989 ಭಾಗಿಸು ಮಾನಕ ವಿಚಲನೆ, ಇಲ್ಲಿ 0.3989/4 = 0.0997, "ಪ್ರತಿ ಗ್ರಾಂಗೆ". ಅದೇ ಲೆಕ್ಕವನ್ನು ಕಿಲೋದಲ್ಲಿ ಮಾಡಿ ನೋಡಿ: ಮಾನಕ ವಿಚಲನೆ 0.004, ಎತ್ತರ 99.7. ಸಂಭವನೀಯತೆ 1 ದಾಟುವುದುಂಟೇ? ಸಂಭವನೀಯತೆ ಬೇಕಾದರೆ ಎತ್ತರವನ್ನು ಅಗಲದಿಂದ ಗುಣಿಸಬೇಕು, ಅಂದರೆ ರೇಖೆಯ ಕೆಳಗಿನ ವಿಸ್ತೀರ್ಣ. ನಿಮ್ಮ ತಕ್ಕಡಿ ಪೂರ್ಣ ಗ್ರಾಂ ಮಾತ್ರ ತೋರಿಸಿದರೆ "504" ಎಂದರೆ 503.5ರಿಂದ 504.5, ಅಗಲ 1 ಗ್ರಾಂ, ಆದ್ದರಿಂದ ಸುಮಾರು 10%. 0.1 ಗ್ರಾಂವರೆಗೆ ತೋರಿಸುವ ತಕ್ಕಡಿಯಾದರೆ "504.0"ಗೆ ಸುಮಾರು 1% ಅಷ್ಟೇ. ಕರಾರುವಾಕ್ಕಾಗಿ 504ಕ್ಕೆ ಸೊನ್ನೆ.

ಎರಡು ಟೇಬಲ್ಲೂ ಸರಿ. 0.8413 ಎಂದರೆ ಎಡತುದಿಯಿಂದ ಝಡ್‌ವರೆಗಿನ ಪೂರ್ತಿ ವಿಸ್ತೀರ್ಣ, 0.3413 ಎಂದರೆ ನಡುವಿನಿಂದ ಝಡ್‌ವರೆಗಿನದು. 0.1587 ಕೊಡುವ ಮೂರನೇ ಜಾತಿಯೂ ಇದೆ, ಅದು ಬಲಬಾಲ. ಬಳಸುವ ಮುಂಚೆ ಮೊದಲ ಎರಡು ಮನೆ ನೋಡಿಬಿಡಿ: 0.5000, 0.5040 ಇದ್ದರೆ ಎಡದಿಂದ; 0.0000, 0.0040 ಇದ್ದರೆ ನಡುವಿನಿಂದ, 0.5000, 0.4960 ಇದ್ದರೆ ಬಲಬಾಲ. ಪರೀಕ್ಷೆಯಲ್ಲಿ ಕಳೆದುಕೊಳ್ಳುವ ಅಂಕಗಳಲ್ಲಿ ಒಂದು ಪಾಲು ಈ ಮನೆ ನೋಡದೆ ಹೋಗುವುದೇ.

ಮೂರನೆಯದು: ಕೆಳಬಾಲದಲ್ಲಿ 2% ಬಿಡಬೇಕಾದರೆ ಝಡ್ = -2.054. ಗುರಿ = 500 + 2.054 × 4 = 508.2 ಗ್ರಾಂ.

ಗೆರೆ_ಮುಂಚೆ_ಗುಣಿಸಬೇಡಿ:
508.2 ಇಡಬೇಡಿ, ಸ್ವಲ್ಪ ತಾಳಿ. ನಾಲ್ಕನೇ ಪ್ರಶ್ನೆಯೇ ಇಲ್ಲಿ ಮುಖ್ಯ.

120ರಲ್ಲಿ 24 ನಿರೀಕ್ಷೆ ಇದ್ದ ಕಡೆ ಆಕಸ್ಮಿಕ ಏರುಪೇರು ಎಷ್ಟಿರಬಹುದು? √(120 × 0.197 × 0.803), ಅಂದರೆ ಸುಮಾರು 4.4. 11 ಎನ್ನುವುದು 24ಕ್ಕಿಂತ ಆ ಏರುಪೇರಿನ ಸುಮಾರು ಮೂರು ಪಟ್ಟು ಕೆಳಗಿದೆ. ಇದನ್ನು ಅದೃಷ್ಟದ ಮೇಲೆ ಹಾಕಲಾಗದು. (500ರ ಕೆಳಗಿನ 19ಕ್ಕೆ 24 ಮಾತ್ರ ದೊಡ್ಡ ವಿಷಯವಲ್ಲ, ಅಲ್ಲಿನ ಏರುಪೇರೇ 4.) ನಡುವೆ ದಿಬ್ಬ ಇರಬೇಕಾದ ಕಡೆ ಗುಂಡಿ ಬಿದ್ದಿದೆ ಅಂದರೆ ಎರಡು ಗುಂಪು ಬೆರೆತಿವೆ. ಮಷೀನಿಗೆ ಎಷ್ಟು ಹೆಡ್ (ಪುಡಿ ಸುರಿಯುವ ಬಾಯಿ)? ಒಂದಕ್ಕಿಂತ ಹೆಚ್ಚಿದ್ದರೆ ಹೆಡ್‌ವಾರು ಬೇರ್ಪಡಿಸಿ ಸರಾಸರಿ, ಮಾನಕ ವಿಚಲನೆ ಹಾಕಿ.

ತಕ್ಕಡಿ_ಲೆಕ್ಕ:
ಎರಡು ಹೆಡ್. ಒಂದು ಬಿಟ್ಟು ಒಂದು ಬರುವುದರಿಂದ ಬೇರ್ಪಡಿಸಲು ಆಯಿತು. ಮೊದಲ ಹೆಡ್: 60 ಪ್ಯಾಕೆಟ್, ಸರಾಸರಿ 500.5, ಮಾನಕ ವಿಚಲನೆ 2.0. ಎರಡನೆಯದು: 60 ಪ್ಯಾಕೆಟ್, 507.5, ಅದೇ 2.0. 500ರ ಕೆಳಗಿನ 24 ಪ್ಯಾಕೆಟ್ಟೂ ಮೊದಲ ಹೆಡ್‌ನವೇ!

ಗೆರೆ_ಮುಂಚೆ_ಗುಣಿಸಬೇಡಿ:
ಲೆಕ್ಕ ಕೂಡಿಬಂತು. ಮೊದಲ ಹೆಡ್‌ಗೆ ಝಡ್ = (500 − 500.5)/2 = −0.25, ವಿಸ್ತೀರ್ಣ 0.4013, 60 × 0.4013 = 24. ಒಂದು ಹೆಡ್‌ನಲ್ಲಿ ನೂರಕ್ಕೆ ನಲವತ್ತು ಪ್ಯಾಕೆಟ್ ಕಡಿಮೆ ತೂಗುತ್ತಿದ್ದವು, ಒಟ್ಟು ಸರಾಸರಿ ಅದನ್ನು ಮುಚ್ಚಿಟ್ಟಿತ್ತು.

ಆ 4.0 ಎಲ್ಲಿಂದ ಬಂತು ನೋಡಿ. ಪ್ರತಿ ಹೆಡ್‌ನ ಒಳಗಿನ ವಿಚಲನೆ 2, ಅದರ ವರ್ಗ 4. ಎರಡೂ ಹೆಡ್ ಒಟ್ಟು ಸರಾಸರಿಯಿಂದ 3.5 ಗ್ರಾಂ ದೂರ, ವರ್ಗ 12.25. ಕೂಡಿಸಿದರೆ 16.25, ವರ್ಗಮೂಲ 4.03. ಮುಕ್ಕಾಲು ಪಾಲು ಮಷೀನಿನ ನಡುಕವಲ್ಲ, ಸೆಟ್ಟಿಂಗ್ ವ್ಯತ್ಯಾಸ. ವರ್ಗಗಳನ್ನು ಕೂಡಿಸಬೇಕು, ವಿಚಲನೆಗಳನ್ನಲ್ಲ. 2 + 3.5 ಅಂತ ಕೂಡಿಸಿದರೆ 5.5 ಆಗಿ ದಾರಿ ತಪ್ಪುತ್ತದೆ.

ಈಗ ಗುರಿ: 500 + 2.054 × 2 = 504.1. ಆದರೆ 60 ಪ್ಯಾಕೆಟ್‌ನಿಂದ ಸಿಕ್ಕ 2.0 ಅಷ್ಟು ಗಟ್ಟಿ ಸಂಖ್ಯೆಯಲ್ಲ, ನಿಜಕ್ಕೂ 1.7ರಿಂದ 2.4ರೊಳಗೆ ಎಲ್ಲಾದರೂ ಇರಬಹುದು. 2.4 ಹಿಡಿದರೆ 504.9. ಎರಡೂ ಹೆಡ್ 505ಕ್ಕೆ ಇಡಿ. ಮೊದಲನೆಯದರ ಆಗರ್ ಸುತ್ತು 0.9% ಹೆಚ್ಚು, ಎರಡನೆಯದರದ್ದು 0.5% ಕಡಿಮೆ. ವಿಚಲನೆ 2 ಆಗಿಯೇ ಉಳಿದರೆ 500ರ ಕೆಳಗೆ 0.6% ಮಾತ್ರ. 508.2 ಇಟ್ಟಿದ್ದರೆ ಪ್ಯಾಕೆಟ್ಟಿಗೆ 3.2 ಗ್ರಾಂ ಹೆಚ್ಚು ಪುಡಿ ಹೋಗುತ್ತಿತ್ತು, ಹತ್ತು ಸಾವಿರ ಪ್ಯಾಕೆಟ್ಟಿಗೆ 32 ಕಿಲೋ. ಹೆಡ್‌ಗಳ ನಡುವಿನ ಅಂತರವೂ ಹಾಗೇ ಉಳಿಯುತ್ತಿತ್ತು.

ಮೂವತ್ತು_ಸಾಕು:
ಸ್ಯಾಂಪಲ್ 30 ದಾಟಿದರೆ ಸೆಂಟ್ರಲ್ ಲಿಮಿಟ್ ಥಿಯರಂ ಪ್ರಕಾರ ಎಲ್ಲ ನಾರ್ಮಲ್ ಆಗುತ್ತದಲ್ಲವೇ? 120 ಇರುವಾಗ ಇಷ್ಟೆಲ್ಲ ಯಾಕೆ?

ಅಂಕಿಮನೆ:
ಇಲ್ಲ, ಆ ಥಿಯರಂ ಹೇಳುವುದು *ಸರಾಸರಿಗಳ* ಬಗ್ಗೆ (ದೊಡ್ಡ ಸ್ಯಾಂಪಲ್‌ಗಳ ಸರಾಸರಿಗಳು ಗಂಟೆಯಾಕಾರಕ್ಕೆ ಹತ್ತಿರವಾಗುತ್ತವೆ ಎಂದು), ಬಿಡಿ ಪ್ಯಾಕೆಟ್‌ಗಳ ಬಗ್ಗೆ ಅಲ್ಲ. ಲಕ್ಷ ಪ್ಯಾಕೆಟ್ ತೂಗಿದರೂ ಈ ಚಿತ್ರದಲ್ಲಿ ಎರಡು ದಿಬ್ಬವೇ ಇರುತ್ತದೆ, ಇನ್ನೂ ಸ್ಪಷ್ಟವಾಗಿ ಕಾಣುತ್ತದೆ ಅಷ್ಟೇ. 30 ಎಂಬುದೂ ಅಂದಾಜಿನ ಸಂಖ್ಯೆ. ಒಂದು ಕಡೆ ತುಂಬ ವಾಲಿದ ಅಂಕಿಗಳಿಗೆ ಅದು ಸಾಲದು.

ಇಲ್ಲೊಂದು ಬಲೆಯೂ ಇದೆ. ಸಾಲಾಗಿ ಬರುವ ನಾಲ್ಕು ನಾಲ್ಕು ಪ್ಯಾಕೆಟ್ ಒಟ್ಟು ತೂಗಿ ಸರಾಸರಿ ಬರೆದಿಟ್ಟರೆ ಪ್ರತಿಯೊಂದರಲ್ಲೂ ಎರಡೆರಡು ಹೆಡ್‌ನವು ಸೇರುತ್ತವೆ. ಆ ಸರಾಸರಿಗಳ ವಿಚಲನೆ 2/√4 = 1.0, ನಡು 504, ನೋಡಲು ಚೆಂದದ ಗಂಟೆ. 500 ಎಂದರೆ ಝಡ್ −4, ಎಲ್ಲ ಸುಸೂತ್ರ ಅನಿಸುತ್ತದೆ. ಗ್ರಾಹಕರ ಕೈಗೆ ಹೋಗುವುದು ಸರಾಸರಿಯಲ್ಲ, ಬಿಡಿ ಪ್ಯಾಕೆಟ್.

ಗೆರೆ_ಮುಂಚೆ_ಗುಣಿಸಬೇಡಿ:
ಮುಂದಿನ ಸಲಕ್ಕೆ, ಟೇಬಲ್ ತೆಗೆಯುವ ಮುಂಚೆ ಎರಡು ಚಿತ್ರ.

ಒಂದು, ತೂಕಗಳನ್ನು ಬಂದ ಕ್ರಮದಲ್ಲೇ ಗೆರೆ ಎಳೆದು ನೋಡಿ. ಮೇಲೆ ಕೆಳಗೆ ಗರಗಸದ ಹಲ್ಲಿನಂತೆ ಕಂಡರೆ ಹೆಡ್ ವ್ಯತ್ಯಾಸ. ನಿಧಾನಕ್ಕೆ ಇಳಿಯುತ್ತ ಹೋದರೆ ಹಾಪರ್‌ನಲ್ಲಿ (ಪುಡಿ ತುಂಬಿಡುವ ತೊಟ್ಟಿ) ಪುಡಿಯ ಮಟ್ಟ ಇಳಿಯುತ್ತಿರಬಹುದು. ಆಗರ್ ಅಳೆಯುವುದು ಗಾತ್ರವನ್ನು, ತೂಕವನ್ನಲ್ಲ. ಹುಡಿ ಸಡಿಲವಾದರೆ, ಬೀಸುವ ನುಣುಪು ಬದಲಾದರೆ ಆಗರ್ ಅಷ್ಟೇ ಸುತ್ತು ತಿರುಗಿದರೂ ತೂಕ ಬೇರೆ.

ಎರಡು, ಕ್ಯೂ-ಕ್ಯೂ ಚಿತ್ರ (ತೂಕಗಳನ್ನು, ನಾರ್ಮಲ್ ಆಗಿದ್ದರೆ ಬರಬೇಕಾದ ಝಡ್‌ಗಳ ಜೊತೆ ಹೋಲಿಸುವುದು). ತೂಕಗಳನ್ನು ಏರಿಕೆ ಕ್ರಮದಲ್ಲಿಟ್ಟು ಪಕ್ಕದಲ್ಲಿ 1ರಿಂದ 120 ಬರೆಯಿರಿ. ಮುಂದಿನ ಕಾಲಮ್ಮಿನಲ್ಲಿ (ಕ್ರಮಸಂಖ್ಯೆ − 0.5)/120, ಅದರ ಮುಂದೆ ಅದಕ್ಕೆ ನಾರ್ಮ್.ಎಸ್.ಇನ್ವ್ (ಎಡದ ವಿಸ್ತೀರ್ಣ ಕೊಟ್ಟರೆ ಝಡ್ ಕೊಡುವ ಎಕ್ಸೆಲ್ ಸೂತ್ರ). ಇದನ್ನು ಅಡ್ಡಕ್ಕೆ, ತೂಕವನ್ನು ಉದ್ದಕ್ಕೆ ಇಟ್ಟು ಸ್ಕ್ಯಾಟರ್ ಹಾಕಿ. ಚುಕ್ಕಿಗಳು ಸರಳರೇಖೆಯಲ್ಲಿ ಕೂತರೆ ನಾರ್ಮಲ್. ಆ ರೇಖೆಯ ಇಳಿಜಾರೇ ಮಾನಕ ವಿಚಲನೆ, ಝಡ್ ಸೊನ್ನೆಯಲ್ಲಿ ಸಿಗುವ ಎತ್ತರವೇ ಸರಾಸರಿ. ನಿಮ್ಮ 120ಕ್ಕೆ ಹಾಕಿದರೆ ನಡುವೆ ಕಡಿದಾಗಿ ಏರಿ, ಎರಡೂ ತುದಿಯಲ್ಲಿ ಚಪ್ಪಟೆಯಾಗುತ್ತದೆ. ಹೆಡ್‌ವಾರು ಹಾಕಿದರೆ 7 ಗ್ರಾಂ ಅಂತರದಲ್ಲಿ ಎರಡು ಸಮಾನಾಂತರ ಗೆರೆ.

ತಕ್ಕಡಿ_ಲೆಕ್ಕ:
ಹಾಕಿದೆ, ಎರಡು ಗೆರೆಯೇ ಬಂತು. ಕಾನೂನಿನ ಮಿತಿ ಪ್ರತ್ಯೇಕವಾಗಿ ನೋಡಬೇಕೇ?

ಅಂಕಿಮನೆ:
2011ರ ಪೊಟ್ಟಣ ಸಾಮಗ್ರಿ ನಿಯಮಗಳಲ್ಲಿ 500 ಗ್ರಾಂಗೆ ಅನುಮತಿಸಿದ ಕೊರತೆ 3%, ಅಂದರೆ 15 ಗ್ರಾಂ. ಜೊತೆಗೆ ತಪಾಸಣೆಗೆ ತೆಗೆದ ಪ್ಯಾಕೆಟ್‌ಗಳ ಸರಾಸರಿ ಘೋಷಿತ ತೂಕಕ್ಕಿಂತ ಕಡಿಮೆ ಇರಬಾರದು. 485 ನಿಮಗೆ ಬಹಳ ದೂರ. ಕಾಡಬಹುದಾದದ್ದು ಸರಾಸರಿ: ಹಳೇ ಸೆಟ್ಟಿಂಗ್‌ನಲ್ಲಿ ಮೊದಲ ಹೆಡ್ ಇನ್ನು ಒಂದು ಗ್ರಾಂ ಇಳಿದಿದ್ದರೂ ಅದರ ಪ್ಯಾಕೆಟ್‌ಗಳ ಸರಾಸರಿ 499.5 ಆಗುತ್ತಿತ್ತು. 505ಕ್ಕೆ ಇಟ್ಟ ಮೇಲೆ ಪ್ರತಿ ಹೆಡ್‌ನಿಂದ ಗಂಟೆಗೆ ಐದೈದು ತೂಗಿ, ಹೆಡ್‌ವಾರು ಬೇರೆ ಹಾಳೆಯಲ್ಲಿ ಬರೆಯಿರಿ. ಐದರ ಸರಾಸರಿಯ ವಿಚಲನೆ 2/√5 = 0.9, ಅದರ ಮೂರು ಪಟ್ಟು 2.7. ಐದರ ಸರಾಸರಿ 502.3ಕ್ಕಿಂತ ಕೆಳಗೆ ಅಥವಾ 507.7ಕ್ಕಿಂತ ಮೇಲೆ ಹೋದರೆ ಮಷೀನ್ ನಿಲ್ಲಿಸಿ ನೋಡಿ.