25 ಗ್ರಾಂ ಸ್ಟವ್ ತಗೊಳ್ಳಲಾ, 80 ಗ್ರಾಂ ತಗೊಳ್ಳಲಾ? ಚಾರಣದ ಒಲೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. ನಾನು, ನನ್ನ ತಮ್ಮ ಮೂರು ರಾತ್ರಿಯ ಚಾರಣಕ್ಕೆ ಹೊರಟಿದ್ದೇವೆ. ಬೆಳಗ್ಗೆ ಒಂದು ಲೀಟರ್, ಸಂಜೆ ಒಂದು ಲೀಟರ್ ನೀರು ಕುದಿಸಿದರೆ ನಮ್ಮ ಅಡುಗೆ ಮುಗಿಯಿತು. ಬೆನ್ನ ಮೇಲಿನ ಭಾರ ಇಳಿಸಬೇಕು ಅಂತ 25 ಗ್ರಾಂ ತೂಗುವ ಗ್ಯಾಸ್ ಸ್ಟವ್ ನೋಡಿಟ್ಟಿದ್ದೇನೆ. ಇನ್ನೊಂದು 80 ಗ್ರಾಂ ಇದೆ. ಹಗುರದ್ದೇ ತಗೊಳ್ಳಲಾ? ಬೆಳಗಿನ ಜಾವ ನೀರು ಹೆಪ್ಪುಗಟ್ಟುವಷ್ಟು ಚಳಿ ಇರಬಹುದು.

ಉತ್ತರ (ಚಾರಣ ಮಾರ್ಗದರ್ಶಿ): ನಮಸ್ಕಾರ. ಎಷ್ಟು ನೀರು ಬೇಕು ಅಂತ ಮೊದಲೇ ಲೆಕ್ಕ ಹಾಕಿದ್ದೀರಿ, ತುಂಬಾ ಒಳ್ಳೆಯದಾಯಿತು. ಆ ಲೆಕ್ಕವನ್ನೇ ಮುಂದುವರಿಸೋಣ.

ಗಾಳಿ ಇಲ್ಲದ ಕಡೆ, ಪಾತ್ರೆಗೆ ಮುಚ್ಚಳ ಹಾಕಿ ಒಂದು ಲೀಟರ್ ನೀರು ಕುದಿಸಲು ಸುಮಾರು 15 ಗ್ರಾಂ ಗ್ಯಾಸ್ ಬೇಕು. ನಿಮಗೆ ಒಟ್ಟು ಆರು ಲೀಟರ್. ಅಂದರೆ 90 ಗ್ರಾಂ. 100 ಗ್ರಾಂ ಡಬ್ಬಿ ಸಾಕು ಅನ್ನಿಸುತ್ತದೆ, ಅಲ್ವಾ? ಒಂದು ಸಂಜೆ ಜೋರು ಗಾಳಿ ಬೀಸಿದರೆ ಆ ಲೆಕ್ಕ ತಪ್ಪುತ್ತದೆ. ಹಾಗಾಗಿ 230 ಗ್ರಾಂ ಗ್ಯಾಸ್ ತುಂಬಿರುವ ಡಬ್ಬಿಯೇ ಬೇಕು. ಅದರ ಖಾಲಿ ಲೋಹವೇ ಸುಮಾರು 150 ಗ್ರಾಂ ಇರುತ್ತದೆ. ಈಗ ನೋಡಿ, ಡಬ್ಬಿ 380 ಗ್ರಾಂ, ಅದರ ಜೊತೆ ಪಾತ್ರೆಯ ತೂಕ. ಸ್ಟವ್‌ನಲ್ಲಿ ಉಳಿಸುವ 55 ಗ್ರಾಂ ಇದರಲ್ಲಿ ಎಷ್ಟು ದೊಡ್ಡದು?

ಆ 55 ಗ್ರಾಂಗಾಗಿ ನೀವು ಬಿಟ್ಟುಕೊಡುವುದು ಜಾಸ್ತಿ. ತೀರಾ ಪುಟ್ಟ ಸ್ಟವ್‌ಗಳ ಕಾಲು ಗಿಡ್ಡ, ಬರ್ನರ್ ಕಿರಿದು. ಉರಿ ಪಾತ್ರೆಯ ನಡುವಿಗೆ ಮಾತ್ರ ತಾಗುತ್ತದೆ. ಲೀಟರ್ ಪಾತ್ರೆ ಇಟ್ಟರೆ ಸ್ವಲ್ಪ ತಗುಲಿದರೂ ವಾಲುತ್ತದೆ. ಕುದಿಯುವ ನೀರು ಕಾಲ ಮೇಲೆ ಬಿದ್ದವರನ್ನು ಹೆಗಲು ಕೊಟ್ಟು ಇಳಿಸಿಕೊಂಡು ಬಂದಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಕೊಳ್ಳುವ ಮೊದಲು ನಿಮ್ಮದೇ ಪಾತ್ರೆಗೆ ತಣ್ಣೀರು ತುಂಬಿ, ಸ್ಟವ್ ಮೇಲಿಟ್ಟು, ಅಂಚನ್ನು ಬೆರಳಿನಿಂದ ಮೆಲ್ಲಗೆ ತಳ್ಳಿ ನೋಡಿ. ಅಲುಗಾಡಿದರೆ ಬೇಡ. ಒಬ್ಬರೇ ಹೋಗುವವರು, ಅರ್ಧ ಲೀಟರಿನ ಸಣ್ಣ ಪಾತ್ರೆ ಇಟ್ಟುಕೊಂಡವರು 25 ಗ್ರಾಂ ಸ್ಟವ್ ಧೈರ್ಯವಾಗಿ ತಗೊಳ್ಳಬಹುದು. ನಿಮಗೆ 80 ಗ್ರಾಂದು.

ಪ್ರಶ್ನೆ: ಅರ್ಥವಾಯಿತು ಮೇಡಂ. ಚಳಿಗೆ ಏನು ಮಾಡುವುದು? ಹಿಂದಿನ ಸಲ ಬೆಳಗ್ಗೆ ಉರಿ ಸಣ್ಣಗಾಗುತ್ತಾ ಹೋಗಿ ನಿಂತೇಬಿಟ್ಟಿತು. ಡಬ್ಬಿ ಅಲುಗಾಡಿಸಿದರೆ ಒಳಗೆ ಗ್ಯಾಸ್ ಇತ್ತು.

ಉತ್ತರ: ಡಬ್ಬಿಯೊಳಗೆ ಇರುವುದು ದ್ರವ. ಅದು ಆವಿಯಾಗಿ ಮೇಲೆ ಬಂದರೆ ಮಾತ್ರ ಉರಿಯುತ್ತದೆ. ಸಾಮಾನ್ಯ ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ತಿರವೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಐಸೊಬ್ಯೂಟೇನ್ ಸುಮಾರು ಮೈನಸ್ 12ರವರೆಗೆ, ಪ್ರೊಪೇನ್ ಮೈನಸ್ 42ರವರೆಗೆ ಆವಿಯಾಗುತ್ತದೆ. ಹಾಗಾಗಿ ಡಬ್ಬಿಯ ಮೇಲೆ ಐಸೊಬ್ಯೂಟೇನ್, ಪ್ರೊಪೇನ್ ಮಿಶ್ರಣ ಅಂತ ಬರೆದಿರುವುದನ್ನೇ ಆರಿಸಿ.

ಇನ್ನೂ ಒಂದು ವಿಷಯ ಇದೆ. ಆವಿಯಾಗುವಾಗ ದ್ರವ ತನ್ನ ಶಾಖವನ್ನೇ ಕಳೆದುಕೊಳ್ಳುತ್ತದೆ. ಸ್ಟವ್ ಉರಿಯುತ್ತಿರುವಾಗ ಡಬ್ಬಿಯ ಕೆಳಭಾಗ ಮುಟ್ಟಿ ನೋಡಿ, ಬೆರಳು ಮರಗಟ್ಟುತ್ತದೆ. ಕೆಲವೊಮ್ಮೆ ದ್ರವ ಎಲ್ಲಿವರೆಗೆ ಇದೆಯೋ ಅಲ್ಲಿವರೆಗೆ ಬಿಳಿ ಮಂಜಿನ ಪಟ್ಟಿ ಕಟ್ಟಿರುತ್ತದೆ. ಮಿಶ್ರಣದಲ್ಲಿ ಪ್ರೊಪೇನ್ ಮೊದಲು ಖರ್ಚಾಗುತ್ತದೆ. ಅದಕ್ಕೇ ಅರ್ಧ ಖಾಲಿಯಾದ ಡಬ್ಬಿ ಚಳಿಯಲ್ಲಿ ಹೊಸದಕ್ಕಿಂತ ಬೇಗ ಕೈಕೊಡುತ್ತದೆ. ನಿಮಗೆ ಆಗಿದ್ದೂ ಇದೇ ಇರಬೇಕು.

ರಾತ್ರಿ ಡಬ್ಬಿಯಿಂದ ಸ್ಟವ್ ಬಿಚ್ಚಿ, ಡಬ್ಬಿಯನ್ನು ಸ್ಲೀಪಿಂಗ್ ಬ್ಯಾಗ್‌ನಲ್ಲಿ ಇಟ್ಟುಕೊಂಡು ಮಲಗಿ. ಬೆಳಗ್ಗೆ ಅಗಲವಾದ ತಟ್ಟೆಯಲ್ಲಿ ಎರಡು ಬೆರಳು ಎತ್ತರ ನೀರು ಹಾಕಿ ಅದರಲ್ಲಿ ಡಬ್ಬಿ ನಿಲ್ಲಿಸಿ. ತಣ್ಣೀರಾದರೂ ಸರಿ, ಮಂಜುಗಡ್ಡೆಯಂತಾದ ಡಬ್ಬಿಗೆ ಅದೇ ಬಿಸಿ. ಕುದಿಯುವ ನೀರು ಮಾತ್ರ ಬೇಡವೇ ಬೇಡ. ಡಬ್ಬಿಯನ್ನು ತಲೆಕೆಳಗು ಮಾಡಿ ಉರಿಸುವ ಉಪಾಯ ಕೇಳಿರುತ್ತೀರಿ. ಅದು ಕೊಳವೆ ಇರುವ, ಗ್ಯಾಸನ್ನು ಮೊದಲೇ ಬಿಸಿ ಮಾಡುವ ಸ್ಟವ್‌ಗಳಿಗೆ ಮಾತ್ರ. ನಿಮ್ಮದರಲ್ಲಿ ಮಾಡಿದರೆ ದ್ರವವೇ ನುಗ್ಗಿ ಬೆಂಕಿ ಭಗ್ಗನೆ ಏಳುತ್ತದೆ.

ಇನ್ನೊಬ್ಬರು: ಅಕ್ಕಾ, ಸ್ಪಿರಿಟ್ ಒಲೆ ಇನ್ನೂ ಹಗುರ ಅಲ್ವಾ? ಗಾಳಿಗೆ ಸುತ್ತಲೂ ತಗಡು ಕಟ್ಟಿದರೆ ಆಗುತ್ತಾ?

ಉತ್ತರ: ಒಲೆ ಹಗುರ, ನಿಜ. ಆದರೆ ಸ್ಪಿರಿಟ್‌ನಲ್ಲಿ ಶಾಖ ಕಡಿಮೆ, ಅಷ್ಟೇ ಕೆಲಸಕ್ಕೆ ಸುಮಾರು ಎರಡರಷ್ಟು ತೂಕ ಹೊರಬೇಕು. ಒಂದು ರಾತ್ರಿಗೆ ಚೆನ್ನ. ಹಗಲಲ್ಲಿ ಅದರ ಉರಿ ಕಣ್ಣಿಗೆ ಕಾಣುವುದಿಲ್ಲ, ಆರಿದೆ ಅಂದುಕೊಂಡು ಸ್ಪಿರಿಟ್ ಸುರಿಯಬೇಡಿ.

ತಗಡನ್ನು ಸ್ಪಿರಿಟ್ ಒಲೆಗೆ ಸುತ್ತಬಹುದು. ಡಬ್ಬಿಯ ಮೇಲೆ ಕೂರುವ ಗ್ಯಾಸ್ ಸ್ಟವ್‌ಗೆ ಸುತ್ತಲೂ ಮುಚ್ಚಬಾರದು. ನಾನೇ ಶುರುವಿನ ದಿನಗಳಲ್ಲಿ ಆ ತಪ್ಪು ಮಾಡಿದ್ದೆ. ಎರಡೇ ನಿಮಿಷಕ್ಕೆ ಡಬ್ಬಿ ಮುಟ್ಟಲಾಗದಷ್ಟು ಕಾದಿತ್ತು. ಉರಿ ಆರಿಸಿ ದೂರ ನಿಂತು ಅದು ತಣ್ಣಗಾಗುವವರೆಗೆ ನಡುಗುತ್ತಾ ಕಾದೆ. ಗಾಳಿ ಬರುವ ಕಡೆ ಮಾತ್ರ ಅಡ್ಡ ಇಡಿ, ಬಂಡೆಯಾದರೂ ಸರಿ, ಬ್ಯಾಗಾದರೆ ಮೊಳ ದೂರ. ಡಬ್ಬಿಯನ್ನು ಆಗಾಗ ಮುಟ್ಟಿ ನೋಡಿ.

ಪ್ರಶ್ನೆ: ಮಳೆ ಬಂದರೆ ಟೆಂಟ್ ಒಳಗೆ ಹಚ್ಚಬಹುದಾ ಮೇಡಂ?

ಉತ್ತರ: ದಯವಿಟ್ಟು ಬೇಡ. ಬೆಂಕಿಗಿಂತ ಭಯ ಕಾರ್ಬನ್ ಮೊನಾಕ್ಸೈಡ್‌ದು. ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದಾಗ ನಡೆದ ಆಯಾಸ ಅಂದುಕೊಂಡು ಮಲಗಿಬಿಡುತ್ತೇವೆ. ಮಳೆ ಸ್ವಲ್ಪ ಬಿಡುವವರೆಗೆ ಕಾಯಿರಿ. ಅದಕ್ಕೇ ಕುದಿಸದೆ ತಿನ್ನುವ ಒಂದು ಹೊತ್ತಿನ ಊಟ ಯಾವಾಗಲೂ ಬ್ಯಾಗಿನಲ್ಲಿರಲಿ.

ವಿಮಾನದಲ್ಲಿ ಹೋಗುವುದಾದರೆ ಗ್ಯಾಸ್ ಡಬ್ಬಿಯನ್ನು ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ, ಇಳಿದ ಮೇಲೆ ಕೊಳ್ಳಬೇಕು. ನಿಮ್ಮ ಸ್ಟವ್ ತಿರುಪಿನದಾದರೆ ತಿರುಪಿನ ಡಬ್ಬಿಯೇ ಅಲ್ಲಿ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ.

ಪ್ರಶ್ನೆ: ಕೊನೆಯದಾಗಿ, ಹಳೇ ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ತಿಳಿಯುವುದು ಹೇಗೆ?

ಉತ್ತರ: ಮನೆಯಲ್ಲಾದರೆ ತಕ್ಕಡಿಯಲ್ಲಿಟ್ಟು, ಖಾಲಿ ಡಬ್ಬಿಯ ತೂಕ ಕಳೆಯಿರಿ. ದಾರಿಯಲ್ಲಾದರೆ ನೀರಿನಲ್ಲಿ ತೇಲಿಸಿ. ಗ್ಯಾಸ್ ಕಡಿಮೆಯಾದಷ್ಟೂ ಮೇಲೆ ತೇಲುತ್ತದೆ. ಹೊಸದಿದ್ದಾಗಲೇ ಒಮ್ಮೆ ತೇಲಿಸಿ ನೀರಿನ ಮಟ್ಟಕ್ಕೆ ಗೆರೆ ಎಳೆದಿಡಿ. ಆಮೇಲೆ ಚೆನ್ನಾಗಿ ಒರೆಸಿ, ತಿರುಪಿನ ಬಾಯಲ್ಲಿ ನಿಂತ ನೀರನ್ನು ಊದಿ ತೆಗೆದೇ ಸ್ಟವ್ ಜೋಡಿಸಿ.