ನಿರಾಶ್ರಿತರ ಮಾನಸಿಕ ಆಘಾತವನ್ನು ಅಳೆಯಲು 2.5 ಎಂಬ ಗೆರೆ ಸಾಕೇ?

ಪ್ರಶ್ನೆ (ಸಮಾಜಕಾರ್ಯ ವಿದ್ಯಾರ್ಥಿನಿ)
ಬೈಲಕುಪ್ಪೆಯ ಟಿಬೆಟನ್ ಹಿರಿಯರ ನಡುವೆ ಕಿರು ಅಧ್ಯಯನವೊಂದನ್ನು ಕೈಗೊಳ್ಳಲಿದ್ದೇನೆ. ಹಾರ್ವರ್ಡ್ ಟ್ರಾಮಾ ಪ್ರಶ್ನಾವಳಿಯಲ್ಲಿ ಪ್ರತಿ ಲಕ್ಷಣಕ್ಕೂ 1ರಿಂದ 4ರವರೆಗೆ ಅಂಕ ನೀಡಿ, ಸರಾಸರಿ 2.5 ದಾಟಿದವರಿಗೆ ಆಘಾತದ ನಂತರ ಕಾಡುವ ಮಾನಸಿಕ ಕಾಯಿಲೆಯಾದ ಪಿಟಿಎಸ್‌ಡಿ ಇರಬಹುದೆಂದು ಪರಿಗಣಿಸುವುದು ರೂಢಿ. ಹಿಮಾಲಯ ದಾಟಿ ಬಂದು, ಇಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದು ಬದುಕು ಕಟ್ಟಿಕೊಂಡವರಿಗೂ ಇದೇ ಗೆರೆ ಅನ್ವಯಿಸುತ್ತದೆಯೇ?

ಉತ್ತರ 1
ಆ ಗೆರೆ ಎಲ್ಲಿ ಹುಟ್ಟಿತೆಂಬುದನ್ನು ಮೊದಲು ಗಮನಿಸಿ. ರಿಚರ್ಡ್ ಮೊಲ್ಲಿಕಾ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿಯು ಬಾಸ್ಟನ್ನಿನ ಚಿಕಿತ್ಸಾಲಯವೊಂದಕ್ಕೆ ಬರುತ್ತಿದ್ದ ಕಾಂಬೋಡಿಯಾ, ಲಾವೋಸ್ ಮತ್ತು ವಿಯೆಟ್ನಾಮಿನ ನಿರಾಶ್ರಿತರ ನಡುವೆ ರೂಪುಗೊಂಡದ್ದು. ಚಿಕಿತ್ಸೆ ಅರಸಿ ಬಂದವರಲ್ಲಿ ಕಾಯಿಲೆಯ ಪ್ರಮಾಣ ಸಹಜವಾಗಿಯೇ ಹೆಚ್ಚಿರುತ್ತದೆ. ಅವರನ್ನು ಚೆನ್ನಾಗಿ ವಿಂಗಡಿಸಿದ ಗೆರೆಯನ್ನು ಇಡೀ ಊರಿಗೆ ಅನ್ವಯಿಸಿದರೆ, ಅದನ್ನು ದಾಟಿದವರಲ್ಲಿ ಕಾಯಿಲೆಯಿಲ್ಲದವರ ಪಾಲು ಏರುತ್ತದೆ. 2009ರಲ್ಲಿ ಪ್ರಕಟವಾದ, 40 ದೇಶಗಳ ನಿರಾಶ್ರಿತರು ಮತ್ತು ಸಂಘರ್ಷಪೀಡಿತರ ಕುರಿತ 181 ಸಮೀಕ್ಷೆಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯಲ್ಲಿ ಪಿಟಿಎಸ್‌ಡಿಯ ಸರಾಸರಿ ಪ್ರಮಾಣ ಶೇ. 30.6 ಇದ್ದರೂ, ಬಿಡಿ ಸಮೀಕ್ಷೆಗಳ ಅಂಕಿಗಳು ಸೊನ್ನೆಯಿಂದ ಶೇ. 99ರವರೆಗೆ ಹರಡಿದ್ದವು. ಚಿತ್ರಹಿಂಸೆಗೆ ಒಳಗಾದವರ ಪ್ರಮಾಣ ಇದಕ್ಕೆ ದೊಡ್ಡ ಕಾರಣ. ಆದರೆ ಅಳೆದ ವಿಧಾನದ ಪಾಲೂ ಇತ್ತು. ಆದ್ದರಿಂದ ಕೆಲವರನ್ನಾದರೂ ಮನೋವೈದ್ಯರು ನೇರವಾಗಿ ಸಂದರ್ಶಿಸಿ, ಆ ನಿರ್ಣಯದೊಂದಿಗೆ ಅಂಕಗಳನ್ನು ತಾಳೆ ನೋಡುವುದು ಅಗತ್ಯ.

ಉತ್ತರ 2
ಗೆರೆಗಿಂತ, ಪ್ರಶ್ನಾವಳಿಯಲ್ಲಿರುವ ಆಘಾತಕಾರಿ ಘಟನೆಗಳ ಪಟ್ಟಿಯೇ ನನ್ನನ್ನು ಹೆಚ್ಚು ಕಾಡುತ್ತದೆ. ಭಾರತದಲ್ಲಿರುವ ಟಿಬೆಟನ್ ನಿರಾಶ್ರಿತರ ಕುರಿತು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಧಾರ್ಮಿಕ ಕುರುಹುಗಳ ನಾಶವನ್ನು ಕಣ್ಣಾರೆ ಕಂಡದ್ದೇ ಅತ್ಯಂತ ಆಘಾತಕರವೆಂದು ಅವರು ಹೇಳಿದ್ದರು. ಹಸಿವು, ಸೆರೆವಾಸ, ಕೊಲೆಗಳನ್ನಷ್ಟೇ ಕೇಳುವ ಪಟ್ಟಿಗೆ ಈ ನೋವು ಕಾಣಿಸುವುದೇ ಇಲ್ಲ. ಇನ್ನು ಲಕ್ಷಣಗಳ ವಿಷಯ. ಟಿಬೆಟನ್ ವೈದ್ಯದಲ್ಲಿ ‘ಸೋಕ್‌ಲುಂಗ್’ ಎಂಬ ಮಾತಿದೆ. ನಮ್ಮ ಭಾಷೆಯಲ್ಲಿ ಅಕ್ಷರಶಃ ಪ್ರಾಣವಾಯು. ಅದು ಕದಡಿದಾಗ ಎದೆ ಬಿಗಿಯುತ್ತದೆ, ನಿದ್ದೆ ದೂರವಾಗುತ್ತದೆ, ಅಂಜಿಕೆ ಆವರಿಸುತ್ತದೆ. ಬೆಚ್ಚಿಬೀಳುವುದನ್ನೂ ದುಃಸ್ವಪ್ನವನ್ನೂ ಒಪ್ಪಿಕೊಳ್ಳದ ಅಜ್ಜಿಯೊಬ್ಬರು ಇದರ ಬಗ್ಗೆ ಗಂಟೆಗಟ್ಟಲೆ ಮಾತನಾಡಬಹುದು. ಆದಕಾರಣ ಅನುವಾದಕ್ಕೂ ಮೊದಲು ಆಮ್ಚಿಯೊಬ್ಬರ (ಟಿಬೆಟನ್ ವೈದ್ಯರ) ಬಳಿ ಕುಳಿತು, ಜನ ಯಾವ ಮಾತಿನಲ್ಲಿ ಸಂಕಟ ಹೇಳಿಕೊಳ್ಳುತ್ತಾರೆಂದು ಕೇಳಿ ಬರೆದುಕೊಳ್ಳಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ವಂದನೆಗಳು. ಸೋಕ್‌ಲುಂಗ್ ಲಕ್ಷಣಗಳನ್ನು ಸೇರಿಸಿದರೆ ಮೂಲ ಸರಾಸರಿ ಕೆಡುವುದಿಲ್ಲವೇ?

ಉತ್ತರ 1
ಕೆಡುತ್ತದೆ. ಅವುಗಳ ಅಂಕವನ್ನು ಪ್ರತ್ಯೇಕವಾಗಿಯೇ ಇಡಿ. ಇಲ್ಲವಾದರೆ ಬೇರೆ ಅಧ್ಯಯನಗಳೊಂದಿಗೆ ಹೋಲಿಸಲಾಗದು. ಮತ್ತೊಂದು ವಿನಂತಿ: ಪ್ರಶ್ನೆಗಳ ನಡುವೆ ಯಾರಾದರೂ ಕುಸಿದರೆ ಅಂದು ಸಂಜೆಯವರೆಗೆ ಅವರ ಬಳಿ ಯಾರು ಇರುತ್ತಾರೆಂಬುದನ್ನು ಮೊದಲ ಮನೆಗೆ ಹೋಗುವ ಮುನ್ನವೇ ನಿಶ್ಚಯಿಸಿಕೊಳ್ಳಿ.