ಜಿಎಫ್‌ಎಸ್2: ಒಂದು ಸರ್ವರ್ ಸಂಪರ್ಕ ಕಡಿದರೆ ಇನ್ನೊಂದೂ ನಿಲ್ಲುತ್ತದೆ, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎರಡು ಲಿನಕ್ಸ್ ಸರ್ವರ್‌ಗಳು ಐಸ್ಕಸಿ (ಜಾಲದ ಮೇಲೆ ಡಿಸ್ಕ್ ಒದಗಿಸುವ ವಿಧಾನ) ಮೂಲಕ ಒಂದೇ ಡಿಸ್ಕ್ ಹಂಚಿಕೊಂಡಿವೆ. ಅದರ ಮೇಲೆ ಜಿಎಫ್‌ಎಸ್2 ಇದೆ, ಅಂದರೆ ಹಲವು ಸರ್ವರ್‌ಗಳು ಒಂದೇ ಡಿಸ್ಕನ್ನು ಏಕಕಾಲಕ್ಕೆ ಬಳಸಲು ಬಿಡುವ ಫೈಲ್ ವ್ಯವಸ್ಥೆ. ಕ್ಲಸ್ಟರ್ (ಸರ್ವರ್‌ಗಳ ಗುಂಪು) ನಡೆಸುವ ಪೇಸ್‌ಮೇಕರ್, ಕೊರೊಸಿಂಕ್ ಮತ್ತು ಫೈಲ್ ಬೀಗಗಳನ್ನು ನೋಡಿಕೊಳ್ಳುವ ಡಿಎಲ್‌ಎಂ ಮೂರೂ ಸರಿಯಾಗಿ ಏಳುತ್ತವೆ, ನೋಡ್‌ಗೆ (ಅಂದರೆ ಸರ್ವರ್‌ಗೆ) ಒಂದರಂತೆ 2 ಜರ್ನಲ್‌ಗಳಿವೆ (ಬದಲಾವಣೆಗಳ ದಾಖಲೆ).

ತೊಂದರೆ ಇಲ್ಲಿದೆ: ಒಂದು ಸರ್ವರ್‌ನ ಕ್ಲಸ್ಟರ್ ಕೇಬಲ್ ಕಿತ್ತರೆ ಇನ್ನೊಂದರಲ್ಲೂ ಫೈಲ್ ವ್ಯವಸ್ಥೆ ಸ್ತಬ್ಧವಾಗುತ್ತದೆ. ಡೈರೆಕ್ಟರಿಯ ಪಟ್ಟಿ ಕೇಳಿದರೂ ಉತ್ತರವಿಲ್ಲ. ಡಿಎಲ್‌ಎಂ ಫೆನ್ಸಿಂಗ್‌ಗಾಗಿ (ಸಂಪರ್ಕ ತಪ್ಪಿದ ನೋಡನ್ನು ಬಲವಂತವಾಗಿ ನಿಲ್ಲಿಸುವುದು ಅಥವಾ ಡಿಸ್ಕಿನಿಂದ ದೂರವಿಡುವುದು) ಕಾಯುತ್ತಿರುವುದು ಲಾಗ್‌ನಲ್ಲಿ ಕಾಣುತ್ತದೆ. ಅದು ಕಾಯುವುದು ನ್ಯಾಯವೇ. ಸಂಪರ್ಕ ತಪ್ಪಿದ ನೋಡ್ ಇನ್ನೂ ಡಿಸ್ಕಿಗೆ ಬರೆಯುತ್ತಿದ್ದರೆ ದತ್ತಾಂಶವೇ ಕೆಡುತ್ತದೆ. ಆದ್ದರಿಂದ ಫೆನ್ಸಿಂಗ್ ನಿಲ್ಲಿಸಿಬಿಡಿ ಎಂಬ ಸಲಹೆ ದಯವಿಟ್ಟು ಬೇಡ.

ಈಗ ಫೆನ್ಸಿಂಗ್‌ಗೆ ಐಪಿಎಂಐ (ಜಾಲದ ಮೂಲಕ ದೂರದಿಂದಲೇ ಸರ್ವರ್ ಆರಿಸುವ ವ್ಯವಸ್ಥೆ) ಇದೆ. ಈ ಯಂತ್ರಗಳಲ್ಲಿ ಅದಕ್ಕೆ ಪ್ರತ್ಯೇಕ ಪೋರ್ಟ್ ಇಲ್ಲ, ಹಾಗಾಗಿ ಕೇಬಲ್ ಹೋದಾಗ ಅದೂ ಕೈಕೊಡುತ್ತದೆ. ಐಸ್ಕಸಿ ಜಾಲ ಮಾತ್ರ ಬೇರೆಯೇ ಇದೆ. ಅದೇ ಸ್ಟೋರೇಜ್‌ನಲ್ಲಿ ಚಿಕ್ಕದೊಂದು ಡಿಸ್ಕ್ ತೆಗೆದು, ಹಾರ್ಡ್‌ವೇರ್ ವಾಚ್‌ಡಾಗ್ (ಸರ್ವರ್ ಸ್ಪಂದಿಸದಿದ್ದರೆ ತಾನೇ ಮರುಪ್ರಾರಂಭಿಸುವ ಟೈಮರ್) ಜೊತೆಗೆ ಎಸ್‌ಬಿಡಿ (ಹಂಚಿದ ಡಿಸ್ಕಿನ ಮೂಲಕ ಸಂದೇಶ ಕಳಿಸಿ ನಡೆಸುವ ಫೆನ್ಸಿಂಗ್) ಹಾಕಬೇಕೆಂದಿದ್ದೇನೆ. ಎರಡು ನೋಡ್‌ಗಳಿಗೆ ಒಂದೇ ಎಸ್‌ಬಿಡಿ ಡಿಸ್ಕ್ ಸಾಕೇ? ಸ್ಟೋರೇಜ್ ಕ್ಷಣಕಾಲ ತಡವರಿಸಿದರೆ ಎರಡೂ ಸರ್ವರ್‌ಗಳು ಒಟ್ಟಿಗೆ ಮರುಪ್ರಾರಂಭವಾಗದಂತೆ ಕಾಲಮಿತಿ ಹೇಗಿಡಬೇಕು? ಇಲ್ಲವೇ ಸ್ಕಸಿ ರಿಸರ್ವೇಶನ್ (ಡಿಸ್ಕಿಗೆ ಬರೆಯುವ ನೋಡ್‌ನ ಹಕ್ಕನ್ನು ಸ್ಟೋರೇಜ್‌ನಲ್ಲೇ ಕಡಿಯುವ ವಿಧಾನ) ಆಧಾರಿತ ಫೆನ್ಸಿಂಗ್ ಉತ್ತಮವೇ? ನಿಜವಾಗಿ ನಡೆಸಿ ನೋಡಿದವರು ನಿಮ್ಮ ಸಂರಚನೆ ಹಂಚಿಕೊಂಡರೆ ಬಹಳ ಉಪಕಾರವಾಗುತ್ತದೆ. ಲಾಗ್ ಬೇಕಿದ್ದರೆ ಪೂರ್ತಿ ಹಾಕುತ್ತೇನೆ.